ಮೆಷಿನ್ ಹೋಯ್ತು, ಡಿಸ್ಕ್ ಉಳೀತು

"ನೀವು ಬರೆದದ್ದು, ರೆಕಾರ್ಡ್ ಮಾಡಿದ್ದು ಎಲ್ಲಾ ಎಲ್ಲಿರುತ್ತೆ?"

ಸಂತೆಯಲ್ಲೋ ಬಸ್ ಸ್ಟ್ಯಾಂಡಿನಲ್ಲೋ ಸಿಕ್ಕ ಓದುಗರು ನಮ್ಮನ್ನು ಆಗಾಗ ಕೇಳುವ ಪ್ರಶ್ನೆ ಇದು. "ಕ್ಲೌಡ್‌ನಲ್ಲಿ" ಎಂದರೆ ಮಾತು ಮುಗಿಯುತ್ತದೆ. ಆದರೆ ಆ ಉತ್ತರದಲ್ಲಿ ಹೂರಣ ಇಲ್ಲ. ಮೋಡದಲ್ಲಿ ಯಾರೂ ಏನನ್ನೂ ಇಟ್ಟಿಲ್ಲ. ನಮ್ಮ ಬರಹ, ಫೋಟೋ, ಧ್ವನಿ ಎಲ್ಲವೂ ಬೆಂಗಳೂರಿನ ಒಂದು ಕಟ್ಟಡದ ತಣ್ಣನೆಯ ಕೋಣೆಯಲ್ಲಿ, ನಿಜವಾದ ಡಿಸ್ಕ್‌ಗಳ ಮೇಲೆ ಕೂತಿವೆ. ಆ ಡಿಸ್ಕ್‌ಗಳನ್ನು ಹೇಗೆ ಹಂಚುತ್ತಾರೆ, ಲೆಕ್ಕ ಹೇಗೆ ಇಡುತ್ತಾರೆ, ಅಳಿಸಿದರೆ ಏನಾಗುತ್ತದೆ ಎನ್ನುವುದು ಎಂಜಿನಿಯರ್‌ಗಳಿಗೆ ಮಾತ್ರ ಸೇರಿದ ವಿಷಯ ಅಲ್ಲ. ನಮ್ಮ ಹಲವು ವರ್ಷದ ಕೆಲಸ ಇವತ್ತು ಉಳಿದಿರುವುದು ಆ ಲೆಕ್ಕ ನಮಗೆ ಸ್ವಲ್ಪ ಗೊತ್ತಿದ್ದರಿಂದ. ಅದಕ್ಕೇ ಈ ಸಲ ಅದರ ಬಗ್ಗೆಯೇ ಬರೆಯುತ್ತಿದ್ದೇವೆ.

ತೆಂಗಿನ ಸೀಮೆಯವರಿಗೆ ಇದನ್ನು ವಿವರಿಸುವುದು ಕಷ್ಟ ಇಲ್ಲ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆ ಮನೆ ಅಂದರೆ ಅಟ್ಟ ಇರಬೇಕು. ಕಾಯಿಯನ್ನು ಅಟ್ಟಕ್ಕೆ ಹಾಕಿ ತಿಂಗಳುಗಟ್ಟಲೆ ಬಿಡುತ್ತೇವೆ. ಒಳಗಿನ ನೀರು ಇಂಗಿ, ಗಿಟುಕು ಚಿಪ್ಪು ಬಿಟ್ಟು, ಅಲ್ಲಾಡಿಸಿದರೆ ಲೊಟಲೊಟ ಅನ್ನುವ ತನಕ ಕಾಯುತ್ತೇವೆ. ಮನೆಯ ಒಂದು ವರ್ಷದ ದುಡಿಮೆ ತಲೆಯ ಮೇಲೆ ಕೂತಿರುತ್ತದೆ. ಹಾಗಾಗಿ ಅಟ್ಟ ಎಷ್ಟು ತೂಕ ತಡೆಯುತ್ತದೆ, ಸೂರು ಸೋರುತ್ತದೆಯೇ, ಕಾಯಿ ಯಾರ ಪಾಲಿನದು ಎನ್ನುವುದು ಮನೆಯ ಎಲ್ಲರಿಗೂ ಗೊತ್ತಿರುತ್ತದೆ. ಕಂಪ್ಯೂಟರಿನ ಡಿಸ್ಕ್ ನಮ್ಮ ಅಟ್ಟ. ನಾವು ಹೇಳಬೇಕಾದ್ದು ಇಷ್ಟೇ: ಅಟ್ಟದ ಬಗ್ಗೆ ಕೇಳುವ ಪ್ರಶ್ನೆಗಳನ್ನೇ ಡಿಸ್ಕ್ ಬಗ್ಗೆಯೂ ಕೇಳಬೇಕು.

ಬಾಡಿಗೆಯ ಕಂಪ್ಯೂಟರ್

ನಮ್ಮದೇ ಸರ್ವರ್ ಇಟ್ಟುಕೊಳ್ಳುವಷ್ಟು ದುಡ್ಡು ನಮ್ಮಲ್ಲಿ ಇಲ್ಲ, ಕರೆಂಟಿನ ಭರವಸೆಯೂ ಇಲ್ಲ. ಬೆಂಗಳೂರಿನ ಒಂದು ಸಣ್ಣ ಕಂಪನಿಯಿಂದ ತಿಂಗಳ ಬಾಡಿಗೆಗೆ ವರ್ಚುವಲ್ ಮೆಷಿನ್ ತೆಗೆದುಕೊಂಡಿದ್ದೇವೆ. ವರ್ಚುವಲ್ ಮೆಷಿನ್ ಅಂದರೆ ಒಂದು ದೊಡ್ಡ ಕಂಪ್ಯೂಟರಿನ ಒಳಗೆ ಸಾಫ್ಟ್‌ವೇರ್‌ನಿಂದ ಗೆರೆ ಎಳೆದು ಮಾಡಿದ ಚಿಕ್ಕ ಕಂಪ್ಯೂಟರ್. ಒಂದು ದೊಡ್ಡ ಗೋಡೌನಿನಲ್ಲಿ ಹತ್ತು ವರ್ತಕರು ಪಾಲು ಮಾಡಿಕೊಂಡ ಹಾಗೆ. ಒಬ್ಬರ ಮೂಟೆ ಇನ್ನೊಬ್ಬರಿಗೆ ಕಾಣುವುದಿಲ್ಲ, ಆದರೆ ಸೂರು ಒಂದೇ.

ಈ ಪಾಲು ಮಾಡಿಕೊಡುವ ಸಾಫ್ಟ್‌ವೇರ್‌ಗಳಲ್ಲಿ ಕೆಲವು ಓಪನ್ ಸೋರ್ಸ್. ಅಂದರೆ ಅದರ ಒಳಗಿನ ಬರಹವನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಬಳಸಬಹುದು. ಓಪನ್‌ಸ್ಟ್ಯಾಕ್ ಅನ್ನುವುದು 2010ರಲ್ಲಿ ಅಮೆರಿಕದ ನಾಸಾ ಮತ್ತು ರ್‍ಯಾಕ್‌ಸ್ಪೇಸ್ ಸೇರಿ ಶುರುಮಾಡಿದ್ದು. ಜಿನೀವಾ ಹತ್ತಿರದ ಸರ್ನ್ ಪ್ರಯೋಗಾಲಯ ಅದನ್ನೇ ಬಳಸುತ್ತದೆ. ವಿಕಿಪೀಡಿಯಕ್ಕೆ ಕೆಲಸ ಮಾಡುವ ಸ್ವಯಂಸೇವಕರಿಗಾಗಿ ವಿಕಿಮೀಡಿಯ ಸಂಸ್ಥೆ ಕೊಡುವ ವರ್ಚುವಲ್ ಮೆಷಿನ್‌ಗಳೂ ಓಪನ್‌ಸ್ಟ್ಯಾಕ್ ಮೇಲೆಯೇ ನಡೆಯುತ್ತವೆ. ನಮ್ಮ ಬಾಡಿಗೆಯ ಮೆಷಿನ್ ಇರುವುದು ಇನ್ನೊಂದರ ಮೇಲೆ, ಅಪಾಚೆ ಕ್ಲೌಡ್‌ಸ್ಟ್ಯಾಕ್. ಅದು 2008ರಲ್ಲಿ ಹುಟ್ಟಿದ ಒಂದು ಪುಟ್ಟ ಕಂಪನಿಯ ಕೆಲಸ. 2011ರಲ್ಲಿ ಸಿಟ್ರಿಕ್ಸ್ ಆ ಕಂಪನಿಯನ್ನು ಕೊಂಡಿತು. 2012ರಲ್ಲಿ ಸಾಫ್ಟ್‌ವೇರನ್ನು ಅಪಾಚೆ ಫೌಂಡೇಶನ್‌ಗೆ ಒಪ್ಪಿಸಿತು. ಅಂದಿನಿಂದ ಅದು ಯಾವ ಒಬ್ಬ ಮಾಲೀಕನದೂ ಅಲ್ಲ. ಊರಿನ ಕಟ್ಟೆ ಇದ್ದ ಹಾಗೆ, ಬಂದವರೆಲ್ಲ ಕೂರಬಹುದು.

ಎರಡು ಬಗೆಯ ಡಿಸ್ಕ್

ಕ್ಲೌಡ್‌ಸ್ಟ್ಯಾಕ್‌ನಲ್ಲಿ ಒಂದು ಮೆಷಿನ್‌ಗೆ ಎರಡು ಬಗೆಯ ಡಿಸ್ಕ್ ಇರಬಹುದು. ಒಂದು ರೂಟ್ ಡಿಸ್ಕ್. ಮೆಷಿನ್ ಏಳುವುದೇ ಅದರಿಂದ. ಲಿನಕ್ಸ್, ವೆಬ್‌ಸೈಟ್ ನಡೆಸುವ ಸಾಫ್ಟ್‌ವೇರ್ ಎಲ್ಲ ಅದರ ಮೇಲೆ ಇರುತ್ತವೆ. ಇನ್ನೊಂದು ಡೇಟಾ ಡಿಸ್ಕ್. ಇದನ್ನು ಬೇರೆಯಾಗಿ ಮಾಡಿಸಿ ಮೆಷಿನ್‌ಗೆ ಜೋಡಿಸುವುದು. ಬೇಡವಾದಾಗ ಬಿಚ್ಚಿ ಬೇರೆ ಮೆಷಿನ್‌ಗೆ ಹಾಕಬಹುದು. ಟ್ರ್ಯಾಕ್ಟರ್ ಇಂಜಿನ್ ಬೇರೆ, ಟ್ರೈಲರ್ ಬೇರೆ ಇದ್ದಹಾಗೆ. ಇಂಜಿನ್ ಕೆಟ್ಟರೆ ಟ್ರೈಲರನ್ನು ಬೇರೆ ಇಂಜಿನ್ನಿಗೆ ಕೊಂಡಿ ಹಾಕಿ ಎಳೆದುಕೊಂಡು ಬರಬಹುದು.

ಇಲ್ಲಿ ಒಂದು ತಮಾಷೆ ಇದೆ. ಹೊಸ ಡೇಟಾ ಡಿಸ್ಕ್ ಮಾಡಿಸಿದ ಕ್ಷಣ ನಿಜವಾಗಿ ಯಾವ ಡಿಸ್ಕೂ ಹುಟ್ಟುವುದಿಲ್ಲ. ಅಷ್ಟು ಜಿಬಿ ಇವರ ಹೆಸರಿಗೆ ಅಂತ ಪುಸ್ತಕದಲ್ಲಿ ಬರೆದುಕೊಳ್ಳುತ್ತದೆ ಅಷ್ಟೇ. ಮೊದಲ ಸಲ ಮೆಷಿನ್‌ಗೆ ಜೋಡಿಸಿದಾಗ ಅದಕ್ಕೊಂದು ನಿಜವಾದ ಜಾಗ ಸಿಗುತ್ತದೆ. ಅಲ್ಲಿಯವರೆಗೆ ಅದು ಚೀಟಿ, ಮೂಟೆ ಅಲ್ಲ.

ನಮ್ಮ ಬ್ಲಾಗ್ ಶುರುವಾದಾಗಲೇ ಬರಹಗಳ ಡೇಟಾಬೇಸ್, ಫೋಟೋ, ಧ್ವನಿ ಮುದ್ರಣ ಎಲ್ಲವನ್ನೂ ಡೇಟಾ ಡಿಸ್ಕ್ ಮೇಲೆ ಇಟ್ಟೆವು. ಅದರಲ್ಲಿ ಏನೇನಿದೆ ಅಂತ ಹೇಳಿದರೆ ಅದರ ಬೆಲೆ ಗೊತ್ತಾದೀತು. ತಿಪಟೂರು ಎಪಿಎಂಸಿಯಲ್ಲಿ ಕೊಬ್ಬರಿ ಹರಾಜಿನ ದಿನ ರೈತರು ಆಡಿದ ಮಾತು. ಹುಳಿಯಾರು, ಶೆಟ್ಟಿಕೆರೆ ಕಡೆ ಬರಗಾಲದಲ್ಲಿ ಸುಳಿ ಒಣಗಿ ನಿಂತ ಮರಗಳ ಫೋಟೋ. ನುಸಿ ರೋಗ ಮೊದಲು ಬಂದಾಗ ಏನೇನು ಔಷಧಿ ಹೊಡೆದೆವು ಅಂತ ನೊಣವಿನಕೆರೆ ಸುತ್ತಿನವರು ಹೇಳಿದ್ದು. ಚಿಕ್ಕನಾಯಕನಹಳ್ಳಿಯ ಗಣಿ ಲಾರಿಗಳ ಧೂಳಿನ ಬಗ್ಗೆ ದಾರಿಬದಿಯ ಊರಿನ ಹೆಣ್ಣುಮಕ್ಕಳ ಮಾತು. ಹೊನ್ನವಳ್ಳಿ ಕಡೆಯ ಒಬ್ಬ ಅಜ್ಜಿ ಅಟ್ಟಕ್ಕೆ ಕಾಯಿ ಏರಿಸುವಾಗಿನ ಹಾಡು, ಲೆಕ್ಕದ ಪದಗಳು, ಯಾವ ಕಾಯಿ ಮೊದಲು ಗಿಟುಕಾಗುತ್ತದೆ ಅನ್ನುವ ಗುರುತುಗಳನ್ನು ಒಂದೂವರೆ ಗಂಟೆ ಹೇಳಿದ್ದರು. ಅವರು ಈಗ ಇಲ್ಲ. ಆ ಒಂದೂವರೆ ಗಂಟೆಯನ್ನು ಇನ್ನೊಮ್ಮೆ ರೆಕಾರ್ಡ್ ಮಾಡಲು ಆಗುವುದಿಲ್ಲ.

ಇಲ್ಲದ ಜಾಗವನ್ನು ಹಂಚುವುದು

ನಮಗೆ ಕೊಟ್ಟದ್ದು 200 ಜಿಬಿ. ಆದರೆ ಆ 200 ಜಿಬಿ ನಮಗಾಗಿ ಖಾಲಿ ಬಿಟ್ಟುಕೊಂಡು ಕಾಯುತ್ತಿರುವುದಿಲ್ಲ. ನಾವು 40 ಜಿಬಿ ತುಂಬಿದ್ದರೆ ಹೆಚ್ಚುಕಡಿಮೆ ಅಷ್ಟನ್ನೇ ಹಿಡಿದಿರುತ್ತದೆ, ಬರೆದ ಹಾಗೆ ಬೆಳೆಯುತ್ತದೆ. ಇದಕ್ಕೆ ಥಿನ್ ಪ್ರಾವಿಶನಿಂಗ್ ಅನ್ನುತ್ತಾರೆ. ಯಾರೂ ತಮ್ಮ ಪಾಲು ಪೂರ್ತಿ ತುಂಬುವುದಿಲ್ಲ ಎಂಬ ನಂಬಿಕೆಯ ಮೇಲೆ, ಇರುವುದಕ್ಕಿಂತ ಹೆಚ್ಚು ಜಾಗವನ್ನು ಹಂಚಬಹುದು. ಕ್ಲೌಡ್‌ಸ್ಟ್ಯಾಕ್‌ನಲ್ಲಿ ಅದಕ್ಕೊಂದು ಅಂಕಿ ಇದೆ. ಯಾರೂ ಬದಲಿಸದಿದ್ದರೆ ಅದು 2. ಅಂದರೆ ಸಾವಿರ ಕಾಯಿ ಹಿಡಿಯುವ ಅಟ್ಟಕ್ಕೆ ಎರಡು ಸಾವಿರ ಕಾಯಿಯ ಮಾತು ಕೊಡಬಹುದು.

ಇದು ಮೋಸ ಅಲ್ಲ. ಎಲ್ಲರೂ ಒಂದೇ ವಾರ ಕಾಯಿ ತಂದು ಸುರಿಯುವುದಿಲ್ಲ. ಆದರೆ ಲೆಕ್ಕ ನೋಡುವವನು ಎಚ್ಚರ ಇರಬೇಕು. ಅದಕ್ಕೆ ಇನ್ನೊಂದು ಅಂಕಿ ಇದೆ: ಜಾಗ ನೂರಕ್ಕೆ 85 ಪಾಲು ತುಂಬಿದರೆ ಅಲ್ಲಿ ಹೊಸ ಡಿಸ್ಕ್ ಇಡುವುದನ್ನು ಸಾಫ್ಟ್‌ವೇರ್ ನಿಲ್ಲಿಸುತ್ತದೆ. ಹಳೆಯ ಡಿಸ್ಕ್‌ಗಳು ಆಮೇಲೂ ಬೆಳೆಯುತ್ತಾ ಇರುತ್ತವೆ. ಪೂರ್ತಿ ತುಂಬಿದ ದಿನ, ನಿಮ್ಮ ಪಾಲಿನಲ್ಲಿ ಜಾಗ ಇದೆ ಎಂದು ಪರದೆ ತೋರಿಸುತ್ತಿದ್ದರೂ ನಿಮ್ಮ ಮೆಷಿನ್ ಬರೆಯಲಾಗದೆ ನಿಂತುಬಿಡಬಹುದು. ಆದ್ದರಿಂದ ಬಾಡಿಗೆಗೆ ಕೊಡುವವರನ್ನು "ನಮಗೆಷ್ಟು ಜಿಬಿ" ಅಂತ ಮಾತ್ರ ಕೇಳಿದರೆ ಸಾಲದು. "ಒಟ್ಟು ಎಷ್ಟು ಇದೆ, ಎಷ್ಟು ಹಂಚಿದ್ದೀರಿ" ಅಂತಲೂ ಕೇಳಬೇಕು.

ಇನ್ನೊಂದು ವಿಚಿತ್ರ. ನೀವು ಮೆಷಿನ್ ಒಳಗೆ ದೊಡ್ಡ ವಿಡಿಯೋ ಅಳಿಸಿದರೂ ಹೊರಗಿನ ಡಿಸ್ಕ್ ಫೈಲ್ ತಾನಾಗಿ ಚಿಕ್ಕದಾಗುವುದಿಲ್ಲ. ಈ ಜಾಗ ಬೇಡ ಅಂತ ಮೆಷಿನ್ ಕೆಳಗಿನವರಿಗೆ ತಿಳಿಸುವ ವ್ಯವಸ್ಥೆ ಇದ್ದು, ಅದನ್ನು ಚಾಲೂ ಮಾಡಿದ್ದರೆ ಮಾತ್ರ ಜಾಗ ವಾಪಸ್ ಬರುತ್ತದೆ. ಡಿಸ್ಕ್ ದೊಡ್ಡದು ಮಾಡಿಸುವಾಗಲೂ ಎರಡು ಹೆಜ್ಜೆ. ಹೊರಗಿನಿಂದ 200ನ್ನು 300 ಮಾಡಿದರೆ ಮುಗಿಯಲಿಲ್ಲ. ಒಳಗೆ ಲಿನಕ್ಸ್‌ಗೂ ಹೊಸ ಅಳತೆ ತಿಳಿಸಬೇಕು. ಹೊಲ ಕೊಂಡ ಮೇಲೆ ಬೇಲಿ ಸರಿಸಿದ ಹಾಗೆ. ಬೆಳೆಸುವುದು ಸುಲಭ. ಕುಗ್ಗಿಸುವುದಕ್ಕೆ ಹೋಗಬೇಡಿ. ಕತ್ತರಿಸಿದ ತುದಿಯಲ್ಲಿ ಏನಿತ್ತು ಅಂತ ಹೊರಗಿನ ಸಾಫ್ಟ್‌ವೇರ್ ನೋಡುವುದಿಲ್ಲ.

ಒಂದೇ ಸೂರಿನಡಿಯ ಎರಡು ಪ್ರತಿ

ಡಿಸ್ಕ್ ಈ ಕ್ಷಣ ಹೇಗಿದೆಯೋ ಹಾಗೇ ಹಿಡಿದಿಡುವುದಕ್ಕೆ ಸ್ನ್ಯಾಪ್‌ಶಾಟ್ ಅನ್ನುತ್ತಾರೆ. ಕ್ಲೌಡ್‌ಸ್ಟ್ಯಾಕ್‌ನಲ್ಲಿ ಇದು ಎರಡು ಥರ. ಇಡೀ ಮೆಷಿನ್ನಿನ ಸ್ನ್ಯಾಪ್‌ಶಾಟ್ ಡಿಸ್ಕ್ ಇರುವ ಪ್ರೈಮರಿ ಸ್ಟೋರೇಜ್‌ನಲ್ಲೇ ಉಳಿಯುತ್ತದೆ. ಹೊಸ ಸಾಫ್ಟ್‌ವೇರ್ ಹಾಕುವ ಮುಂಚೆ ತೆಗೆದಿಟ್ಟುಕೊಂಡು, ಕೆಟ್ಟರೆ ಹಿಂದಕ್ಕೆ ಹೋಗಲು ಅದು ಚೆನ್ನ. ಒಂದೊಂದು ಡಿಸ್ಕಿನ ಸ್ನ್ಯಾಪ್‌ಶಾಟ್ ಸಾಮಾನ್ಯವಾಗಿ ಸೆಕೆಂಡರಿ ಸ್ಟೋರೇಜ್ ಅನ್ನುವ ಬೇರೆ ಜಾಗಕ್ಕೆ ಪ್ರತಿಯಾಗುತ್ತದೆ. ಇದು ಹೆಚ್ಚು ಭದ್ರ. ಆದರೆ ಆ ಬೇರೆ ಜಾಗ ಬೇರೆ ಕಟ್ಟಡದಲ್ಲಿ ಇದೆಯೇ, ಪಕ್ಕದ ಕಪಾಟಿನಲ್ಲಿ ಇದೆಯೇ? ಅದನ್ನು ಸಾಫ್ಟ್‌ವೇರ್ ಹೇಳುವುದಿಲ್ಲ. ನಾವೇ ಕೇಳಬೇಕು.

ಕೇಳದೆ ಹೋದರೆ ಏನಾಗಬಹುದು ಎನ್ನುವುದಕ್ಕೆ ದೊಡ್ಡವರ ಕಥೆಗಳೇ ಇವೆ. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಎಚ್ ಕಂಪನಿಯ ಡೇಟಾ ಸೆಂಟರ್ ಒಂದು ಸುಟ್ಟುಹೋಯಿತು. ಅದರ ಕ್ಲೌಡ್ ಸೇವೆ ಓಪನ್‌ಸ್ಟ್ಯಾಕ್ ಮೇಲೆ ಕಟ್ಟಿದ್ದು. ಸಾಫ್ಟ್‌ವೇರ್‌ನ ತಪ್ಪೇನೂ ಇರಲಿಲ್ಲ. ಆದರೆ ಬ್ಯಾಕಪ್ ಕೂಡ ಅದೇ ಜಾಗದಲ್ಲಿ ಇದ್ದವರಿಗೆ ಎರಡೂ ಹೋದವು. 2025ರ ಸೆಪ್ಟೆಂಬರ್ 26ರಂದು ದಕ್ಷಿಣ ಕೊರಿಯಾದ ಡೇಜಾನ್‌ನಲ್ಲಿ ಸರ್ಕಾರದ ಡೇಟಾ ಸೆಂಟರಿಗೆ ಬ್ಯಾಟರಿಯಿಂದ ಬೆಂಕಿ ಹತ್ತಿತು. ಸರ್ಕಾರಿ ನೌಕರರು ಕಡತ ಇಡುತ್ತಿದ್ದ ಒಂದು ವ್ಯವಸ್ಥೆಯ 858 ಟೆರಾಬೈಟ್ ಬೂದಿಯಾಯಿತು. ಅದಕ್ಕೆ ಹೊರಗೆ ಬೇರೆ ಪ್ರತಿ ಇರಲಿಲ್ಲ. ಅಟ್ಟಕ್ಕೆ ಬೆಂಕಿ ಬಿದ್ದರೆ ಬಲಗಡೆಯ ರಾಶಿ, ಎಡಗಡೆಯ ರಾಶಿ ಅಂತ ಭೇದ ಮಾಡುವುದಿಲ್ಲ.

ಆ ಸೋಮವಾರ

ನಮಗೆ ಬಂದದ್ದು ಬೆಂಕಿಯಲ್ಲ, ಒಂದು ಕ್ಲಿಕ್. ಒಂದು ಸೋಮವಾರ ಬೆಳಗ್ಗೆ ಬ್ಲಾಗ್ ತೆರೆಯಲಿಲ್ಲ. ಕಂಪನಿಗೆ ಫೋನ್ ಮಾಡಿದರೆ ಮಧ್ಯಾಹ್ನದವರೆಗೂ ಉತ್ತರ ಇಲ್ಲ. ಆಮೇಲೆ ಗೊತ್ತಾಯಿತು: ಬಾಡಿಗೆ ಕಟ್ಟದ ಹಳೆಯ ಗಿರಾಕಿಗಳ ಮೆಷಿನ್ ಅಳಿಸುವಾಗ ಅವರ ಕಡೆಯವರು ನಮ್ಮ ಮೆಷಿನ್ ಅನ್ನೂ ಅಳಿಸಿದ್ದರು. ನಮ್ಮ ಬಾಡಿಗೆ ಕಟ್ಟಿತ್ತು, ರಸೀದಿ ಇತ್ತು. "ಸಾರಿ ಸರ್, ಮೂರು ದಿನ ಆಗಿದೆ, ಎಲ್ಲಾ ಹೋಗಿದೆ. ಹೊಸ ಮೆಷಿನ್ ಫ್ರೀಯಾಗಿ ಕೊಡ್ತೀವಿ" ಅಂದರು.

ಹೊಸ ಮೆಷಿನ್ ತೆಗೆದುಕೊಂಡು ಅಜ್ಜಿಯ ಧ್ವನಿಯನ್ನು ಏನು ಮಾಡುವುದು? ನಮ್ಮಲ್ಲಿ ಒಬ್ಬಳು ತುರುವೇಕೆರೆಯಿಂದ, ಇನ್ನೊಬ್ಬ ತಿಪಟೂರಿನಿಂದ ಫೋನಿನಲ್ಲೇ ಕೂತೆವು. ನಮ್ಮ ಹತ್ತಿರ ಇದ್ದದ್ದು ಕ್ಲೌಡ್‌ಸ್ಟ್ಯಾಕ್‌ನ ಕೈಪಿಡಿ. ಅದು ಎಲ್ಲರಿಗೂ ತೆರೆದಿರುವ ಪುಸ್ತಕ, ಹಿಂದೆಯೇ ಓದಿ ಗುರುತು ಹಾಕಿಕೊಂಡಿದ್ದೆವು. ಅದರ ಪ್ರಕಾರ ಮೆಷಿನ್ ಅಳಿಸಿದ ತಕ್ಷಣ ಪೂರ್ತಿ ಹೋಗುವುದಿಲ್ಲ. ಮೊದಲೇ ಇರುವ ಲೆಕ್ಕದಂತೆ 86,400 ಸೆಕೆಂಡ್, ಅಂದರೆ 24 ಗಂಟೆ, ವಾಪಸ್ ತರಲು ಅವಕಾಶ ಇರುತ್ತದೆ. ಮೂರು ದಿನ ಆಗಿದ್ದರಿಂದ ಆ ಬಾಗಿಲು ಮುಚ್ಚಿತ್ತು. ರೂಟ್ ಡಿಸ್ಕ್ ಮೆಷಿನ್ನಿನ ಜೊತೆಗೇ ಹೋಗುತ್ತದೆ, ಅದೂ ಹೋಗಿತ್ತು. ಆದರೆ ಡೇಟಾ ಡಿಸ್ಕ್ ಹಾಗಲ್ಲ. ಅದನ್ನೂ ಅಳಿಸು ಅಂತ ಬೇರೆಯಾಗಿ ಹೇಳದಿದ್ದರೆ, ಮೆಷಿನ್ ಹೋದ ಮೇಲೆ ಅದು ಬಿಚ್ಚಿಕೊಂಡು ಒಂಟಿಯಾಗಿ ಉಳಿಯುತ್ತದೆ.

ನಮ್ಮ ಖಾತೆ ಇನ್ನೂ ತೆರೆಯುತ್ತಿತ್ತು. ಮೆಷಿನ್‌ಗಳ ಪಟ್ಟಿ ಖಾಲಿ. ಡಿಸ್ಕ್‌ಗಳ ಪಟ್ಟಿ ಬೇರೆ ಪುಟದಲ್ಲಿ ಇರುತ್ತದೆ. ಅದನ್ನು ತೆರೆದರೆ ಒಂದೇ ಸಾಲು. ನಾವು ಇಟ್ಟಿದ್ದ ಹೆಸರು, 200 ಜಿಬಿ. ಯಾವ ಮೆಷಿನ್‌ಗೆ ಸೇರಿದ್ದು ಅನ್ನುವ ಜಾಗ ಖಾಲಿ. ಟ್ರೈಲರ್ ರಸ್ತೆ ಬದಿಯಲ್ಲಿ ನಿಂತಿತ್ತು, ಇಂಜಿನ್ ಇರಲಿಲ್ಲ.

ಕಂಪನಿಗೆ ಮತ್ತೆ ಫೋನ್ ಮಾಡಿ ಮೊದಲು ಹೇಳಿದ್ದು ಒಂದೇ ಮಾತು: "ಆ ಡಿಸ್ಕ್ ಮುಟ್ಟಬೇಡಿ." ಯಾಕೆಂದರೆ ವಾರಸುದಾರ ಇಲ್ಲದ ಡಿಸ್ಕ್‌ಗಳನ್ನು ಹುಡುಕಿ ತೆಗೆಯುವುದು ಮುಂದಿನ ಹೆಜ್ಜೆ ಆಗಿರುತ್ತದೆ. ಜಾಗಕ್ಕೆ ದುಡ್ಡಿದೆ, ಅದು ಅವರ ತಪ್ಪಲ್ಲ. ನಂತರ ಹೊಸ ಮೆಷಿನ್ ಎಬ್ಬಿಸಿದೆವು. ಹಳೆಯ ಡಿಸ್ಕ್ ಅದಕ್ಕೆ ಜೋಡಿಸಿದೆವು. ಇಲ್ಲಿ ಒಂದು ಮಾತು ನೆನಪಿಡಿ: ಹೊಸ ಮೆಷಿನ್‌ಗೆ ಈ ಡಿಸ್ಕ್ ಅಪರಿಚಿತ. ಕೆಲವು ಸಲ "ಫಾರ್ಮ್ಯಾಟ್ ಮಾಡಲೇ" ಅನ್ನುವ ಪ್ರಶ್ನೆ ಬರುತ್ತದೆ. ಹೂಂ ಅಂದರೆ ಮುಗಿಯಿತು. ಫಾರ್ಮ್ಯಾಟ್ ಬೇಡ, ಮೌಂಟ್ ಮಾತ್ರ. ಮೊದಲ ಸಲ ಓದುವುದಕ್ಕೆ ಮಾತ್ರ ಅಂತ ತೆರೆದೆವು, ಏನನ್ನೂ ಬರೆಯಲಿಲ್ಲ. ಫೋಲ್ಡರ್‌ಗಳು ಕಂಡವು. ಹೊನ್ನವಳ್ಳಿಯ ಫೈಲ್ ತೆಗೆದು ಹತ್ತು ಸೆಕೆಂಡ್ ಕೇಳಿದೆವು. ಅಜ್ಜಿ ಕೆಮ್ಮಿ ಗಂಟಲು ಸರಿಮಾಡಿಕೊಂಡು ಮಾತು ಶುರುಮಾಡಿದರು. ಫೋನಿನ ಎರಡೂ ಕಡೆ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

ಬ್ಲಾಗಿನ ವಿನ್ಯಾಸ, ಸೆಟ್ಟಿಂಗ್‌ಗಳು ಹೋದವು. ನಾಲ್ಕು ದಿನ ಕೂತು ಮತ್ತೆ ಕಟ್ಟಿದೆವು. ಕಳೆದ ವರ್ಷದಿಂದ ಬ್ಲಾಗ್ ಬೇರೆ ಥರ ಯಾಕೆ ಕಾಣುತ್ತಿದೆ ಅಂತ ಕೇಳಿದವರಿಗೆ ಇದೇ ಉತ್ತರ.

ತೆರೆದ ಪುಸ್ತಕದ ಬೆಲೆ

ಓಪನ್ ಸೋರ್ಸ್ ಅಂದರೆ ಪುಕ್ಕಟೆ ಅಂತ ತಿಳಿದವರು ಬಹಳ. ನಮಗೆ ಅದು ಪುಕ್ಕಟೆ ಆಗಿರಲಿಲ್ಲ, ತಿಂಗಳು ತಿಂಗಳು ಬಾಡಿಗೆ ಕಟ್ಟುತ್ತೇವೆ. ನಮಗೆ ಅದರಿಂದ ಸಿಕ್ಕಿದ್ದು ಬೇರೆ. ಆಚೆ ಕಡೆ ಕೂತವರು "ಎಲ್ಲಾ ಹೋಗಿದೆ" ಎಂದಾಗ, ಅವರು ನೋಡುವ ನಿಯಮವನ್ನೇ ನಾವೂ ಓದಿ "ಹೋಗಿರಲಿಕ್ಕಿಲ್ಲ, ನೋಡಿ" ಅನ್ನಲು ಆಯಿತು. ತೂಕದ ಕಲ್ಲು ಎರಡೂ ಕಡೆಯವರಿಗೆ ಕಾಣುವ ಹಾಗಿದ್ದರೆ ಜಗಳ ಕಡಿಮೆ. ಎಪಿಎಂಸಿಯಲ್ಲಿ ತಕ್ಕಡಿ ನೋಡಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇದು ಒಂದು ಬ್ಲಾಗಿನ ಪಾಡು ಮಾತ್ರ ಅಲ್ಲ. 2000ದ ಸುಮಾರಿಗೆ ಭೂಮಿ ಯೋಜನೆ ಬಂದು ಪಹಣಿ ಕೈಬರಹದಿಂದ ಕಂಪ್ಯೂಟರಿಗೆ ಹೋಯಿತು. 2014ರಲ್ಲಿ ಏಕೀಕೃತ ಮಾರುಕಟ್ಟೆ ವ್ಯವಸ್ಥೆ ಬಂದು ನಮ್ಮ ಮಾರುಕಟ್ಟೆಗಳ ಟೆಂಡರ್ ಆನ್‌ಲೈನ್ ಆಯಿತು. ಅದೇ ವರ್ಷ ಕೇಂದ್ರ ಸರ್ಕಾರ ತನ್ನ ಇಲಾಖೆಗಳಿಗಾಗಿ ಮೇಘರಾಜ್ ಎಂಬ ಕ್ಲೌಡ್ ಶುರುಮಾಡಿತು. 2022ರಲ್ಲಿ ದೇಶದ 63,000 ಪ್ರಾಥಮಿಕ ಕೃಷಿ ಸಹಕಾರ ಸಂಘಗಳನ್ನು ಒಂದೇ ಸಾಫ್ಟ್‌ವೇರ್‌ಗೆ ತರುವ ಯೋಜನೆಗೆ ಒಪ್ಪಿಗೆ ಸಿಕ್ಕಿತು. ನಮ್ಮ ಹೊಲ, ಸಾಲ, ಕೊಬ್ಬರಿ ರೇಟು ಎಲ್ಲ ಯಾವುದೋ ಡಿಸ್ಕ್ ಮೇಲೆ ಇದೆ. "ಸರ್ವರ್ ಇಲ್ಲ, ನಾಳೆ ಬನ್ನಿ" ಅನ್ನುವ ಮಾತು ಕೇಳಿ ನಾಡಕಚೇರಿಯಿಂದ ವಾಪಸ್ ಬಂದವರಿಗೆ ಆ ಡಿಸ್ಕ್ ಬಗ್ಗೆ ಕೇಳುವ ಹಕ್ಕಿದೆ.

ನಿಮ್ಮ ಹಾಲಿನ ಡೇರಿ, ಸೊಸೈಟಿ, ಶಾಲೆ, ಮದುವೆ ಫೋಟೋ ತೆಗೆಯುವ ಸ್ಟುಡಿಯೋ ಯಾವುದೇ ಇರಲಿ, ಕ್ಲೌಡ್‌ನಲ್ಲಿ ಇಟ್ಟಿದ್ದೇವೆ ಅಂದರೆ ಈ ಐದು ಕೇಳಿ:

1. ಡೇಟಾ ಇರುವುದು ಮೆಷಿನ್ನಿನ ರೂಟ್ ಡಿಸ್ಕ್‌ನಲ್ಲೋ, ಬೇರೆ ಡೇಟಾ ಡಿಸ್ಕ್‌ನಲ್ಲೋ?
2. ಮೆಷಿನ್ ಅಳಿಸಿದರೆ ಎಷ್ಟು ಗಂಟೆಯೊಳಗೆ ವಾಪಸ್ ತರಬಹುದು?
3. ನಿಜವಾದ ಜಾಗ ಎಷ್ಟು, ಹಂಚಿದ್ದು ಎಷ್ಟು?
4. ಪ್ರತಿ ಇರುವುದು ಅದೇ ಕಟ್ಟಡದಲ್ಲೋ, ಬೇರೆ ಊರಿನಲ್ಲೋ?
5. ಆ ಪ್ರತಿಯಿಂದ ಕೊನೆಯ ಸಲ ತೆರೆದು ನೋಡಿದ್ದು ಯಾವಾಗ?

ಐದನೆಯದು ಎಲ್ಲಕ್ಕಿಂತ ಮುಖ್ಯ. ತೆರೆದು ನೋಡದ ಬ್ಯಾಕಪ್ ಅಲ್ಲಾಡಿಸದ ಕಾಯಿ ಇದ್ದಂತೆ. ಒಳಗೆ ಗಿಟುಕೋ ಕೊಳೆತದ್ದೋ ಗೊತ್ತಾಗುವುದಿಲ್ಲ.

ಈಗ ನಮ್ಮ ಡೇಟಾ ಮೂರು ಕಡೆ ಇದೆ. ಬೆಂಗಳೂರಿನ ಅದೇ ಡಿಸ್ಕ್, ತಿಪಟೂರಿನಲ್ಲಿ ಒಂದು ಹಾರ್ಡ್ ಡಿಸ್ಕ್, ತುರುವೇಕೆರೆಯ ಒಂದು ಮನೆಯ ಬೀರುವಿನಲ್ಲಿ ಇನ್ನೊಂದು. ತಿಂಗಳಿಗೊಮ್ಮೆ ಪ್ರತಿ ಮಾಡುತ್ತೇವೆ. ದಿನ ಮರೆಯದಿರಲಿ ಅಂತ ಅಮಾವಾಸ್ಯೆ ಇಟ್ಟುಕೊಂಡಿದ್ದೇವೆ. ಅಂಗಡಿಯವರು ನಿಂಬೆಹಣ್ಣು ಕಟ್ಟುವ ಹೊತ್ತಿಗೆ ನಾವು ಕೇಬಲ್ ಸಿಕ್ಕಿಸುತ್ತೇವೆ. ಪ್ರತಿ ಆದ ಮೇಲೆ ಯಾವುದಾದರೂ ಒಂದು ಫೈಲ್ ತೆಗೆದು ಪೂರ್ತಿ ಕೇಳುತ್ತೇವೆ, ಪ್ರತಿ ಸಲ ಬೇರೆಯದು.

ನಿಮ್ಮ ಊರಿನ ಸೊಸೈಟಿಯಲ್ಲೋ ಡೇರಿಯಲ್ಲೋ ಈ ಐದು ಪ್ರಶ್ನೆ ಕೇಳಿ ನೋಡಿ. ಏನು ಉತ್ತರ ಬಂತು ಅಂತ ನಮಗೆ ಬರೆಯಿರಿ. ಉತ್ತರವೇ ಬರಲಿಲ್ಲ ಅಂದರೆ ಅದನ್ನೂ ಬರೆಯಿರಿ.